ಗಿಡದಿಂದ ಗಿಡಕ್ಕೆ ಹಾರಿತು

ನಮ್ಮ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನಂಥ ನಿವೃತ್ತರನ್ನು ಕಂಡರೆ "ನಿಮ್ಮ ಅನುಭವ ಬರೀರಿ ಸರ್" ಎನ್ನುತ್ತಾರೆ. ನಾನು ತಪ್ಪಿಸಿಕೊಂಡು ತಿರುಗುತ್ತಿದ್ದೆ. ಅನುಭವ ಇಲ್ಲವೆಂದಲ್ಲ; ಅದು ನಾನು ಹೇಳುವ ಹಾಗೆಯೇ ನಡೆಯಿತೇ ಎಂಬ ಖಾತ್ರಿ ಇಲ್ಲ. ಈಗ ಬರೆಯಲು ಕೂತಿರುವುದು ಹೋದ ತಿಂಗಳು ನಡೆದ ಒಂದು ಸಂಗತಿಯಿಂದ. ಅದನ್ನು ಬರೆದು ಮುಗಿಸುವವರೆಗೆ ನನಗೆ ಒಂದು ಕಡೆ ಕೂರಲು ಆಗುತ್ತಿಲ್ಲ.

ಓದಿದ್ದು ಪ್ರಾಣಿಶಾಸ್ತ್ರ. ವಿಶ್ವವಿದ್ಯಾಲಯದಲ್ಲಿ ನಾನು ನಿಜಕ್ಕೂ ಕಲಿತದ್ದು ಒಂದೇ: ಯಾರು ಏನು ಹೇಳಿದರೂ ಕೂಡಲೇ ನಂಬಬಾರದು. ಅದನ್ನು ಕೆಲಸದುದ್ದಕ್ಕೂ ಬೇರೆಯವರ ಮೇಲೆ ಪ್ರಯೋಗಿಸಿದೆ. ನನ್ನ ಮೇಲೆ ಪ್ರಯೋಗಿಸಿಕೊಂಡದ್ದು ಈಗ, ಪಿಂಚಣಿ ಬರುತ್ತಿರುವ ಕಾಲದಲ್ಲಿ.

ಬೀದರದ ಒಂದು ಸಣ್ಣ ಸಮೀಕ್ಷಾ ಕಚೇರಿಯಲ್ಲಿ ಕ್ಷೇತ್ರ ಸಹಾಯಕನಾಗಿದ್ದೆ. ಜಿಲ್ಲೆಯಲ್ಲಿ ಯಾವ ಕಾಡುಪ್ರಾಣಿ ಎಲ್ಲಿದೆ ಎಂದು ಪಟ್ಟಿ ಮಾಡುವುದು ಕೆಲಸ. ಕೇಳುವವರು ಹುಲಿ, ಚಿರತೆ ಎಂದು ಕಣ್ಣರಳಿಸುತ್ತಾರೆ. ನಾನು ಮಾಡಿದ್ದು ಬಸ್ಸಿಗೆ ಕಾಯುವುದು, ಹೊಲದ ಬದುವಿನಲ್ಲಿ ಹಿಕ್ಕೆ ಆರಿಸುವುದು, ಅದನ್ನು ಪೊಟ್ಟಣ ಕಟ್ಟಿ ಚೀಲದಲ್ಲಿಟ್ಟು ಮನೆಯಲ್ಲಿ ಬೈಸಿಕೊಳ್ಳುವುದು, ಆಮೇಲೆ ನಮೂನೆ ತುಂಬುವುದು. ಬಸ್ಸಿನ ವಿಷಯಕ್ಕೆ ಒಂದು ಕಿವಿಮಾತು: ನಿಲ್ಲುವ ಮೊದಲೇ ಇಳಿಯಬೇಡಿ. ಭಾಲ್ಕಿ ನಿಲ್ದಾಣದಲ್ಲಿ ಹಾಗೆ ಇಳಿದು ನನ್ನ ಎಡಗಾಲು ಉಳುಕಿತ್ತು. ಚಳಿ ಬಂದರೆ ಇಂದಿಗೂ ನೋಯುತ್ತದೆ.

ನಮೂನೆಯಲ್ಲಿ ಮೂರು ಖಾನೆ. ಪ್ರಾಣಿಯನ್ನು ನೀವೇ ನೋಡಿದ್ದರೆ "ಕಂಡದ್ದು". ಹೆಜ್ಜೆ, ಹಿಕ್ಕೆ, ಕೂದಲು ಸಿಕ್ಕಿದ್ದರೆ "ಗುರುತು". ಊರವರು ಹೇಳಿದ್ದರೆ "ಕೇಳಿದ್ದು". ಕೇಳಿದ್ದಾದರೆ ಕೆಳಗೆ ಇನ್ನಷ್ಟು ಬರೆಯಬೇಕು: ಹೇಳಿದವರ ಹೆಸರು, ಉದ್ಯೋಗ, ಮತ್ತು ಕೊನೆಗೆ "ನಂಬಬಹುದೇ?" ಹೌದು ಅಥವಾ ಇಲ್ಲ.

ಆ ಕೊನೆಯ ಖಾನೆಯನ್ನು ನಾನು ತುಂಬುತ್ತಿದ್ದ ವೇಗ ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ. ಕುರಿ ಕಾಯುವವರು, ಹೊಲದಲ್ಲಿ ಕಳೆ ತೆಗೆಯುವ ಹೆಂಗಸರು, ಎಷ್ಟೋ ಜನ ಕೆಲಸ ಬಿಟ್ಟು ಬಂದು ನನ್ನ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಎಲ್ಲಿ ನಿಂತಿದ್ರಿ, ಬೆಳಕು ಎಷ್ಟಿತ್ತು, ಬಾಲ ಎಷ್ಟುದ್ದ? "ನೆನಪಿಲ್ರಿ" ಎಂದರೆ ನಾನು ಬಿಡುತ್ತಿರಲಿಲ್ಲ. "ನೆನಪು ಮಾಡ್ಕೋರಿ" ಎನ್ನುತ್ತಿದ್ದೆ. ಅವರು ಏನೋ ಒಂದು ಹೇಳಿ ನನ್ನನ್ನು ಸಾಗಹಾಕುತ್ತಿದ್ದರು. ನಾನು ಅದನ್ನು ಬರೆದುಕೊಂಡು, "ಇಲ್ಲ" ಎಂದು ಗೆರೆ ಎಳೆದು ಮುಂದಿನ ಬಸ್ಸು ಹಿಡಿಯುತ್ತಿದ್ದೆ.

ಈಗ ಹೋದ ತಿಂಗಳ ಫೋನು. ಮಾಡಿದವರು ಸುಜಾತಾ, ಭಾಲ್ಕಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾರೆ, ತವರು ಔರಾದ. ನನಗೆ ಪರಿಚಯವಿರಲಿಲ್ಲ.

"ಸರ್, ನಿಮ್ಮ ಆಫೀಸಿನ ಹಳೀ ವರದಿ ಓದ್ಲತ್ತಿದ್ದೆ ರೀ. ಔರಾದ ತಾಲೂಕಿನಾಗ ಹಾರುವ ಅಳಿಲು ಅಂತ ಅದ. 'ಕಂಡದ್ದು' ಅಂತ ಬರ್ದಾರ. ಸಹಿ ನಿಮ್ದೇ ಅದ."

"ಹೌದವ್ವಾ, ನಂದೇ."

"ಇಡೀ ಜಿಲ್ಲಾಕ್ಕ ಅದೊಂದೇ ದಾಖಲೆ ರೀ. ನಾ ಅದರ ಮ್ಯಾಲೇ ಪಿಎಚ್‌ಡಿ ಮಾಡಬೇಕು ಅಂತ ಕುಂತೀನಿ. ಎರಡು ವರ್ಷ ಅಲ್ಲೇ ಕ್ಯಾಮೆರಾ ಕಟ್ಟೋದು. ನಮ್ಮ ಗೈಡ್ ಏನಂದ್ರು ಅಂದ್ರ, ಕಂಡವರು ಇನ್ನೂ ಇದ್ರ ಅವರ ಕಡಿಂದ ಒಂದು ಕಾಗದ ಬರಿಸಿಕೊಂಡು ಬಾ, ಇಲ್ಲಾಂದ್ರ ವಿಷಯ ಬದಲಿ ಮಾಡು ಅಂದಾರ್ರಿ."

"ಬರ್ದು ಕೊಡ್ತೇನಿ ತಂಗಿ, ಅದರಾಗೇನದ."

"ಸೋಮವಾರದೊಳಗ ಆಗ್ತದೇನ್ರಿ?"

ಆಗುತ್ತದೆ ಎಂದೆ. ಹೇಳುವಾಗ ಎದೆ ಉಬ್ಬಿತ್ತು, ಸುಳ್ಳೇಕೆ. ಇಷ್ಟು ವರ್ಷದ ಕೆಲಸದಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ ದಾಖಲೆ. ಮದುವೆ ಮನೆಗಳಲ್ಲಿ, ಬಸ್ಸುಗಳಲ್ಲಿ, ಬೀಳ್ಕೊಡುಗೆಯ ದಿನ, ಎಲ್ಲ ಕಡೆ ಹೇಳಿದ್ದ ಕಥೆ.

ಒಳಗಿನಿಂದ ನನ್ನ ಹೆಂಡತಿ ಸರೋಜಾ ಕೇಳಿಸಿಕೊಂಡಿದ್ದಳು. "ಬರೀರಿ, ಬರೀರಿ. ಆದ್ರ ಯಾವುದು ಬರೀತೀರಿ? ನನ್ನ ಮದಿವ್ಯಾದ ಹೊಸದಾಗ ಬೇವಿನ ಗಿಡ ಇತ್ತು. ದೊಡ್ಡಾಕಿ ಹುಟ್ಟಿದ ಮ್ಯಾಲ ಹುಣಸಿ ಗಿಡ ಆಯ್ತು. ಬಾಲ ಮೊದಲ ಒಂದು ಮೊಳ ಇತ್ತು, ಈಗ ಎರಡು ಮೊಳ ಆಗೇದ. ನಿಮ್ಮ ಪ್ರಾಣಿ ಇನ್ನೂ ಬೆಳೀಲತ್ತದ ನೋಡ್ರಿ."

ನಕ್ಕೆ. ಆದರೂ ಟ್ರಂಕಿನಿಂದ ಹಳೆಯ ಕಿಸೆ ಪುಸ್ತಕ ತೆಗೆದೆ. ಕಚೇರಿಯ ನಮೂನೆಗೆ ಮೊದಲು, ಆ ಜಾಗದಲ್ಲೇ ನಿಂತು ಬರೆದ ಪುಸ್ತಕ ಅದು. ಆ ಸಂಜೆಯ ಬಗ್ಗೆ ಒಂದು ಪುಟವಾದರೂ ಇರುತ್ತದೆ ಎಂದುಕೊಂಡಿದ್ದೆ. ಇದ್ದದ್ದು ಒಂದು ಸಾಲು:

"ಸಂಜೆ. ಮಾಳಪ್ಪನ ಜೊತೆ. ಕಪ್ಪಗೆ, ಬೆಕ್ಕಿನಷ್ಟು. ಗಿಡದಿಂದ ಗಿಡಕ್ಕೆ ಹಾರಿತು."

ಬೇವೂ ಇಲ್ಲ, ಹುಣಸೆಯೂ ಇಲ್ಲ. ಬಾಲವೇ ಇಲ್ಲ. ಇಷ್ಟು ವರ್ಷ ನಾನು ಹೇಳಿಕೊಂಡು ಬಂದದ್ದಕ್ಕೆ ಆಧಾರ "ಹಾರಿತು" ಎಂಬ ಒಂದು ಮಾತು.

ಆ ಮಾತು ಎಂಥ ಮೋಸದ್ದು ಎಂದು ನನಗೆ ಮೊದಲೇ ಗೊತ್ತಿರಬೇಕಿತ್ತು. ಬೀದರದ ಧಾನ್ಯದ ಮಾರುಕಟ್ಟೆಯಾದ ಗಾಂಧಿ ಗಂಜಿನಲ್ಲಿ ಒಮ್ಮೆ ಮರ್ಯಾದೆ ಕಳೆದುಕೊಂಡಿದ್ದೆ. ತೊಗರಿ ಗೋದಾಮಿನಲ್ಲಿ "ಹಾರೋ ಬೆಕ್ಕು" ಬಂದಿದೆ ಎಂದು ಸುದ್ದಿ ಬಂತು. ಹಾರುವ ಅಳಿಲನ್ನು ಕೆಲವು ಕಡೆ ಹಾರುಬೆಕ್ಕು ಎನ್ನುತ್ತಾರೆ ಎಂದು ಓದಿದ್ದ ನಾನು ಬಲೆ, ಕೋಲು ಹಿಡಿದು ಓಡಿದೆ. ಹಮಾಲರು ಚೀಲಗಳ ಅಟ್ಟಿಯ ಕೆಳಗೆ ಗುಂಪುಗೂಡಿದ್ದರು. ಅವರಿಗೆ ನಾನು ಭಾಷಣವನ್ನೇ ಮಾಡಿದೆ: ಇದು ಅಪರೂಪದ ಪ್ರಾಣಿ, ಮೈಗೆ ತೊಗಲಿನ ಕೊಡೆ ಇರುತ್ತದೆ, ಯಾರೂ ಹೊಡೆಯಬೇಡಿ. ಅಷ್ಟರಲ್ಲಿ ಮೇಲಿನ ಚೀಲದಿಂದ ಒಂದು ಪುನುಗುಬೆಕ್ಕು ಇಣುಕಿ, ಪಕ್ಕದ ಅಟ್ಟಿಗೆ ಜಿಗಿದು, ಹೆಂಚಿನ ಸಂದಿಯಲ್ಲಿ ಹೋಯಿತು.

ಇಸ್ಮಾಯಿಲ್ ಎಂಬ ಹಿರಿಯ ಹಮಾಲ ನಗು ತಡೆದುಕೊಂಡು ಹೇಳಿದ: "ಸಾಬ್, ಅದರ ಕೊಡಿ ಎಲ್ಲಿ ಬಿಟ್ಟು ಬಂತ್ರಿ?"

"ಮತ್ತ ಹಾರ್ತದ ಅಂತ ಯಾಕ ಹೇಳಿ ಕಳಿಸಿದ್ರಿ?"

"ಹಾರ್ತು ಅಲ್ರಿ, ಈಗ ನೀವೇ ನೋಡಿದ್ರಿ. ನಿಮ್ಮ ಕನ್ನಡದಾಗ ಎರಡಕ್ಕೂ ಒಂದೇ ಮಾತು, ನಾವೇನು ಮಾಡೋದು? ನಮ್ಮ ಬೋಲಿಯಾಗ ಜಿಗಿಯೂದಕ್ಕ ಕೂದನಾ ಬ್ಯಾರೆ, ರೆಕ್ಕಿ ಬಡಿಯೂದಕ್ಕ ಉಡನಾ ಬ್ಯಾರೆ. ಮುಂದಿನ ಸಲ ಉರ್ದುದಾಗ ಹೇಳಿ ಕಳಿಸ್ತೇವಿ."

ಮನುಷ್ಯ ಗೋಡೆ ಹಾರುತ್ತಾನೆ, ಗಿಳಿಯೂ ಹಾರುತ್ತದೆ. ಆ ದಿನ ಗಂಜಿನಿಂದ ನೇರ ಮನೆಗೆ ಬಂದು ಔರಾದದ ಸಾಲನ್ನು ತೆರೆದು ನೋಡಬೇಕಿತ್ತು. ನೋಡಲಿಲ್ಲ. ಅದು ಬೇರೆಯವರ ತಪ್ಪು, ನನ್ನದಲ್ಲ ಎಂದುಕೊಂಡೆ. ಈ ಗಂಜಿನ ಪ್ರಸಂಗ ಔರಾದದ್ದಕ್ಕಿಂತ ಎಷ್ಟೋ ವರ್ಷ ಈಚಿನದು. ಆ ಹೊತ್ತಿಗೆ ನನ್ನ ದಾಖಲೆ ಅಚ್ಚಾಗಿ ಕಪಾಟು ಸೇರಿತ್ತು.

ಔರಾದದಲ್ಲಿ ನಡೆದದ್ದು, ನಡೆದದ್ದು ಎಂದು ನಾನು ನಂಬಿದ್ದು, ಇಷ್ಟು. ಊರಾಚೆ ಹಳ್ಳದ ದಂಡೆಯಲ್ಲಿ ಹದಿನೈದಿಪ್ಪತ್ತು ಹಳೆಯ ಮರಗಳಿದ್ದವು. ಸುತ್ತ ಕಣ್ಣು ಹಾಯುವಷ್ಟು ತೊಗರಿ, ಕಡಲೆ. ಕುರಿ ಕಾಯುವ ಮಾಳಪ್ಪ ಆ ಮರಗಳಲ್ಲಿ "ಏನೋ ಒಂದು ಅದ" ಎಂದು ಹೇಳಿದ್ದ. ಆಗ ಅವನಿಗೂ ನನಗೂ ಮೂವತ್ತರ ಆಸುಪಾಸು. ಅವನ ಹೆಸರಿನ ಮುಂದೆ "ನಂಬಬಹುದೇ? ಇಲ್ಲ" ಎಂದು ಬರೆದು, ಆದರೂ ಒಂದು ಸಂಜೆ ಅವನ ಜೊತೆ ಹೋಗಿ ನಿಂತೆ. ಹೊತ್ತು ಮುಳುಗುವಾಗ ಏನೋ ಹೋಯಿತು. ಕಿಸೆ ಪುಸ್ತಕದಲ್ಲಿ ಆ ಸಾಲು ಬರೆದೆ.

ಅದನ್ನು ಹಾಗೆಯೇ ವರದಿಗೆ ಇಳಿಸಿ ಕಚೇರಿಯಲ್ಲಿ ಕೊಟ್ಟೆ. ನಮ್ಮ ಮೇಲಧಿಕಾರಿ ಮೈಸೂರು ಕಡೆಯವರು. ಒಳ್ಳೆಯ ಮನುಷ್ಯ, ಆದರೆ ನಮ್ಮ ಕನ್ನಡ ಕೇಳಿದರೆ ಹುಬ್ಬು ಮೇಲೆ ಹೋಗುತ್ತಿತ್ತು. ಎಲ್ಲರೆದುರು ಓದಿದರು.

"ಗಿಡದಿಂದ ಗಿಡಕ್ಕೆ ಹಾರಿತು. ಏನ್ರೀ ಇದು? ತುಳಸಿ ಗಿಡದಿಂದ ದಾಸವಾಳದ ಗಿಡಕ್ಕೆ ಹಾರ್ತಾ? ಅದಕ್ಕೆ ಮಿಡತೆ ಸಾಕಲ್ರೀ, ಸರ್ಕಾರ ನಿಮ್ಮನ್ನ ಔರಾದಿಗೆ ಯಾಕೆ ಕಳಿಸ್ಬೇಕು?"

ಎಲ್ಲ ನಕ್ಕರು. ನಮ್ಮ ಕಡೆ ಗಿಡವೆಂದರೆ ಮರ. ಹುಣಸೆ ಗಿಡ, ಆಲದ ಗಿಡ, ಎಷ್ಟೇ ಎತ್ತರವಿದ್ದರೂ ಗಿಡವೇ. ಅವರಿಗೆ ಗಿಡವೆಂದರೆ ಕುಂಡದಲ್ಲಿರುವುದು. ಅಷ್ಟನ್ನು ಹೇಳಿ ಸುಮ್ಮನಾಗಬಹುದಿತ್ತು. ನನಗೆ ಸಿಟ್ಟು ಬಂದಿತ್ತು. "ಮರ ಸರ್, ದೊಡ್ಡ ಮರ! ಒಂದು ಮರದಿಂದ ದೂರದ ಇನ್ನೊಂದು ಮರಕ್ಕೆ ಹಾರಿಕೊಂಡು ಹೋಯಿತು" ಎಂದೆ. "ಹಾರಿತು" ಎನ್ನುವುದು "ಹಾರಿಕೊಂಡು ಹೋಯಿತು" ಎಂದಾದದ್ದು ಅಲ್ಲಿ, ಆ ಮೇಜಿನ ಮುಂದೆ. ನಾನು ಆವರೆಗೆ ಅಳಿಲು ಎಂಬ ಪದವನ್ನೇ ಎತ್ತಿರಲಿಲ್ಲ. ಎತ್ತಿದವರು ಅವರು.

"ಹಾಗಾದ್ರೆ ಹಾರೋ ಅಳಿಲು ಅಂತೀರಾ? ನೋಡಿದ್ದೀರಾ ಮೊದಲು? ಇಲ್ವಾ? ಹೋಗಿ ನೋಡ್ಕೊಂಡು ಬನ್ನಿ." ಹತ್ತು ದಿನದ ತರಬೇತಿಗೆ ಪಶ್ಚಿಮದ ಕಾಡಿಗೆ ಕಳಿಸಿದರು.

ಅಲ್ಲಿ ಕಂಡದ್ದರಲ್ಲಿ ನನಗೆ ಅನುಮಾನವಿಲ್ಲ. ನಾಲ್ಕು ಜನ ಜೊತೆಗಿದ್ದರು. ಸೂರ್ಯ ಮುಳುಗಿ, ಎಲೆಗಳ ಅಂಚು ಮಾತ್ರ ಕಾಣುವಷ್ಟು ಬೆಳಕಿತ್ತು. ಎತ್ತರದ ಮರದ ಪೊಟರೆಯಿಂದ ಒಂದು ತಲೆ ಹೊರಬಂತು. ಪ್ರಾಣಿ ಕಾಂಡ ಹಿಡಿದು ಇನ್ನೂ ಮೇಲಕ್ಕೆ ಏರಿತು. ಅಲ್ಲಿ ನಿಂತು ತಲೆಯನ್ನು ಮೇಲೆ ಕೆಳಗೆ ಆಡಿಸಿತು, ದೂರ ಅಳೆಯುವವರ ಹಾಗೆ. ಆಮೇಲೆ ಜಿಗಿದು ಕೈಕಾಲು ನಾಲ್ಕೂ ಚಾಚಿತು. ಮುಂಗಾಲಿನ ಮಣಿಕಟ್ಟಿನಿಂದ ಹಿಂಗಾಲಿನವರೆಗೆ ಮಡಿಚಿಕೊಂಡಿದ್ದ ತೊಗಲು ಬಿಚ್ಚಿಕೊಂಡಿತು. ಬೆಕ್ಕಿನಷ್ಟಿದ್ದದ್ದು ಗಾಳಿಯಲ್ಲಿ ಒಂದು ಚೌಕ ಅರಿವೆಯಾಯಿತು. ರೆಕ್ಕೆಯ ಬಡಿತವಿಲ್ಲ, ಸದ್ದಿಲ್ಲ. ಬಾಲ ಹಿಂದಕ್ಕೆ ನೀಳವಾಗಿ ಚಾಚಿತ್ತು. ನಡುವೆ ಒಂದು ಕೊಂಬೆ ಅಡ್ಡ ಬಂದಾಗ ಒಂದು ಮಗ್ಗುಲು ತುಸು ಇಳಿಸಿ ಪಕ್ಕಕ್ಕೆ ಹೊರಳಿತು. ಎದುರಿನ ಕಾಂಡ ಇನ್ನೇನು ಬಡಿಯಿತು ಎನ್ನುವಾಗ ಮೈಯನ್ನು ಮೇಲಕ್ಕೆತ್ತಿತು. ತೊಗಲಿನಲ್ಲಿ ಗಾಳಿ ತುಂಬಿ ವೇಗವೆಲ್ಲ ಅಲ್ಲೇ ಸತ್ತಿತು. ಆ ಕ್ಷಣ ಅದು ಗಾಳಿಯಲ್ಲಿ ಎದ್ದು ನಿಂತ ಹಾಗಿತ್ತು. ನಾಲ್ಕು ಪಾದವೂ ಕಾಂಡಕ್ಕೆ ಅಂಟಿದವು, ತಲೆ ಮೇಲೆ. ಮರುಕ್ಷಣ ಕಾಂಡದ ಆಚೆ ಸರಿದು ಮತ್ತೆ ಏರತೊಡಗಿತು.

ಏರಲೇಬೇಕು. ಹೆಸರಿಗೆ ಹಾರುವ ಅಳಿಲು, ಆದರೆ ಅದು ಹಕ್ಕಿಯ ಹಾಗೆ ಹಾರುವುದಿಲ್ಲ. ಗಾಳಿಯ ಮೇಲೆ ಜಾರುತ್ತದೆ. ಪ್ರತಿ ಸಲ ಜಾರುವಾಗಲೂ ಎತ್ತರ ಕಳೆದುಕೊಳ್ಳುತ್ತದೆ, ಮತ್ತೆ ಹತ್ತಿ ಗಳಿಸಿಕೊಳ್ಳುತ್ತದೆ. ಅದಕ್ಕೆ ಎತ್ತರದ ಮರ ಬೇಕು, ಆ ಮರದ ಆಚೆ ಮತ್ತೊಂದು, ಅದರಾಚೆ ಇನ್ನೊಂದು. ತೊಗರಿ ಹೊಲಗಳ ನಡುವಿನ ಹದಿನೈದಿಪ್ಪತ್ತು ಮರಗಳಿಗೆ ಅದು ಹೇಗೆ ಬಂದೀತು? ಈ ಪ್ರಶ್ನೆಯನ್ನು ಆಗ ನಾನು ಕೇಳಿಕೊಳ್ಳಲಿಲ್ಲ. ಬೀದರಕ್ಕೆ ಬಂದ ವಾರವೇ ನಮೂನೆ ತುಂಬಿದೆ. ಹಾರುವ ಅಳಿಲು. ಕಂಡದ್ದು. ವಿವರ: ಇಳಿಯುವ ಮುನ್ನ ಮೈಯನ್ನು ಮೇಲಕ್ಕೆತ್ತಿತು.

ಕೆಲಸದ ರೀತಿ ಆಮೇಲೆ ಬಹಳ ಬದಲಾಯಿತು. ಹೆಜ್ಜೆಯ ಅಚ್ಚು ತೆಗೆಯಲು ಸುಣ್ಣದ ಪುಡಿಯಂಥದನ್ನು ಹೊತ್ತು ತಿರುಗಿದವರು ನಾವು. ಈಗ ಮರಕ್ಕೆ ಕಟ್ಟಿದ ಕ್ಯಾಮೆರಾ ತಾನೇ ಚಿತ್ರ ತೆಗೆದುಕೊಳ್ಳುತ್ತದೆ. ಕ್ಯಾಮೆರಾಕ್ಕೆ ಸಿಟ್ಟು ಬರುವುದಿಲ್ಲ, ಮೇಲಧಿಕಾರಿ ನಕ್ಕರೆ ಅದು ಒಂದು ಮಾತು ಹೆಚ್ಚಿಗೆ ಹೇಳುವುದಿಲ್ಲ. ಆದರೆ ಅದನ್ನು ಎಲ್ಲಿ ಕಟ್ಟಬೇಕು ಎಂದು ಹೇಳುವುದು ಇಂದಿಗೂ ನಮ್ಮಂಥವರ ಹಳೆಯ ನಮೂನೆಯೇ.

ಸೋಮವಾರಕ್ಕೆ ನಾಲ್ಕು ದಿನವಿತ್ತು. ಕಾಗದ ಬರೆಯಲು ಮೂರು ಸಲ ಕೂತು ಮೂರು ಸಲ ಎದ್ದೆ. ಒಬ್ಬನೇ ಸಾಕ್ಷಿ ಮಾಳಪ್ಪ. ಔರಾದದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಪ್ರಶ್ನೆಯನ್ನು ಜೋಡಿಸಿಕೊಂಡೆ. ಅಳಿಲು ಎನ್ನಬಾರದು, ಹಾರು ಎನ್ನಬಾರದು, ಕೈಸನ್ನೆ ಮಾಡಬಾರದು. ಆ ಕೊನೆಯ ಮೈಯೆತ್ತುವಿಕೆಯನ್ನು ಅವನೇ, ಕೇಳದೆ, ತಾನಾಗಿ ಹೇಳಿದರೆ ದಾಖಲೆ ನಿಂತಿತು. ಪುನುಗುಬೆಕ್ಕು ಹಾಗೆ ಮಾಡುವುದಿಲ್ಲ, ಮಂಗ ಮಾಡುವುದಿಲ್ಲ. ನೋಡದವನು ಅದನ್ನು ಕಲ್ಪಿಸಿಕೊಳ್ಳಲಾರ.

ಮಾಳಪ್ಪ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ದಿಟ್ಟಿಸಿ ನೋಡಿ ಚಪ್ಪಾಳೆ ತಟ್ಟಿದರು.

"ಅರ್ರ, ಹಿಕ್ಕಿ ಸಾಹೇಬ್ರು! ಇನ್ನಾ ಅದೀರೇನ್ರಿ?"

ನನ್ನನ್ನು ಆ ಊರಲ್ಲಿ ಹಾಗೆ ಕರೆಯುತ್ತಿದ್ದರೆಂದು ಅಂದೇ ಗೊತ್ತಾದದ್ದು. ಚಹಾ ಆಯಿತು, ಮೊಣಕಾಲಿನ ಮಾತಾಯಿತು. ಆಮೇಲೆ ಕೇಳಿದೆ: "ಮಾಳಪ್ಪಣ್ಣ, ಅವತ್ತ ಸಂಜಿಮುಂದ ಹಳ್ಳದ ಕಡಿ ಹೋಗಿದ್ದಿವಲ್ಲ. ಅದೇನಿತ್ತು, ನಿಮಗ ನೆನಪಿದ್ದಷ್ಟು ಹೇಳ್ರಿ."

ಅವರು ಚಹಾದ ಲೋಟ ಪಕ್ಕಕ್ಕಿಟ್ಟರು. ಎದ್ದು ನಿಂತು ಕಂಬಳಿಯನ್ನು ಬೆನ್ನ ಮೇಲೆ ಹರಡಿ, ಎರಡು ಮೂಲೆಗಳನ್ನು ಮುಷ್ಟಿಯಲ್ಲಿ ಹಿಡಿದು ಕೈಗಳನ್ನು ಅಗಲಕ್ಕೆ ಚಾಚಿದರು. ಮುಂದಕ್ಕೆ ಬಾಗಿ ಸಣ್ಣ ಹೆಜ್ಜೆಯಲ್ಲಿ ಅಂಗಳದ ಬೇವಿನ ಮರದ ಕಡೆ ಸರಿದರು. "ಹಿಂಗ ಬಂತ್ರಿ. ಸಪ್ಪಳಿಲ್ಲ ಏನಿಲ್ಲ. ಗಿಡ ಹತ್ರ ಬಂತು ಅನ್ನೂದರಾಗ..." ಎಂದು ಎದೆಯೆತ್ತಿ, ಕೈಗಳನ್ನು ಮೇಲಕ್ಕೆ ಒಯ್ದು, ತುದಿಗಾಲಲ್ಲಿ ನಿಂತರು. "ಹಿಂಗ ಮ್ಯಾಲೆದ್ದು ಪಟ್ ಅಂತ ಕಚ್ಚಿಕೊಂಡ್ತು."

ನನಗೆ ಕಣ್ಣು ತುಂಬಿ ಬಂತು. ಆ ಕೊನೆಯ ಮೈಯೆತ್ತುವಿಕೆ! ಯಾವ ಪುಸ್ತಕವನ್ನೂ ಓದದ ಮನುಷ್ಯ ಅದನ್ನು ಮಾಡಿ ತೋರಿಸಿದ್ದ. ಅಷ್ಟಕ್ಕೇ ಎದ್ದು ಬಸ್ಸು ಹಿಡಿದಿದ್ದರೆ ಇವತ್ತು ಸುಖವಾಗಿರುತ್ತಿದ್ದೆ. ಆದರೆ ಇನ್ನೊಂದು ಪ್ರಶ್ನೆ ಬಾಯಿಂದ ಹೊರಟುಹೋಯಿತು.

"ಇದನ್ನ ನೀವು ಕಣ್ಣಾರೆ ಕಂಡಿದ್ರೇನ್ರಿ?"

"ನಾ ಎಲ್ಲಿ ಕಂಡೀನ್ರಿ? ಇದು ನೀವು ಮಾಡಿ ತೋರಿಸಿದ್ದು."

"ನಾನಾ?"

"ಮತ್ಯಾರ್ರಿ? ಎಲ್ಲೋ ಕಾಡಿಗೆ ಹೋಗಿ ಬಂದು ಊರ ಮಂದೀನ್ನೆಲ್ಲಾ ಕೂಡಿಸಿದ್ರಿ. ನನ್ನ ಕಂಬಳಿ ಇಸ್ಕೊಂಡು, ಈ ಕಟ್ಟಿ ಮ್ಯಾಲಿಂದ 'ಹಿಂಗ ಬರ್ತದ' ಅಂತ ಹಾರಿದ್ರಿ. ಮ್ಯಾಲ ಏಳಲಿಲ್ಲ, ಕೆಳಗ ಬಿದ್ರಿ. ಕಾಲು ಉಳುಕ್ತು."

"ಅದು ಭಾಲ್ಕಿಯಾಗ ಬಸ್ಸಿನಿಂದ ಇಳಿವಾಗ ಉಳುಕಿದ್ದು, ಮಾಳಪ್ಪಣ್ಣ."

"ಯಾವ ಬಸ್ಸು ರೀ? ಎತ್ತಿನ ಗಾಡ್ಯಾಗ ಹಾಕ್ಕೊಂಡು ಔರಾದ ದವಾಖಾನಿಗಿ ಒಯ್ದಾಂವ ನಾನೇ ಅದೀನಿ. ದಾರಿ ತುಂಬ ಆ ಪ್ರಾಣಿಗಿ ಬೈಕೋತ ಬಂದ್ರಿ. ಕೇಳಿದವರಿಗಿ ಬಸ್ಸಿನಿಂದ ಬಿದ್ದೀನಿ ಅಂತ ಹೇಳು ಅಂತ ನೀವೇ ಅಂದ್ರಿ."

ಎಡಗಾಲು ಆಗಲೇ ನೋಯತೊಡಗಿತ್ತು. ಅದನ್ನು ಒತ್ತಿಕೊಳ್ಳುತ್ತ ಕೇಳಿದೆ: "ಹಂಗಾದ್ರ ಅವತ್ತ ಸಂಜಿಗಿ ನೀವು ಕಂಡಿದ್ದೇನು?"

"ಏನೋ ಕರ್ರಗ ಇತ್ತು. ಈ ಗಿಡದಾಗಿಂದ ಆ ಗಿಡಕ್ಕ ಹೋಯ್ತು. ಅಷ್ಟೇ ನೋಡ್ರಿ."

"ಹ್ಯಾಂಗ ಹೋಯ್ತು?"

"ಹೋಯ್ತು ರೀ. ನನ್ನ ಲಕ್ಷ್ಯ ಕುರಿ ಮ್ಯಾಲಿತ್ತು. ಅದನ್ನ ನೋಡ್ಲಾಕ ಪಗಾರ ನಿಮಗಿತ್ತು, ನನಗೇನ್ರಿ?"

ನಂಬಬಹುದೇ? ಇಲ್ಲ, ಎಂದು ನಾನು ಬರೆದದ್ದು ಈ ಮನುಷ್ಯನ ಹೆಸರಿನ ಮುಂದೆ. ಅದನ್ನೂ ಹೇಳಿಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಛಲೋ ಮಾಡಿದ್ರಿ. ಹೌದು ಅಂತ ಬರ್ದಿದ್ರ ದಿನಾ ಬಂದು ತ್ರಾಸ ಕೊಡ್ತಿದ್ರಿ" ಎಂದು ಕಂಬಳಿ ಕೊಡವಿ ಹೊದ್ದುಕೊಂಡರು.

ಭಾನುವಾರ ಸುಜಾತಾ ಬೀದರಕ್ಕೇ ಬಂದರು, ಕಾಗದ ಒಯ್ಯಲು. ಕೈಯಲ್ಲಿ ಔರಾದದ ನಕ್ಷೆಯಿತ್ತು, ಹಳ್ಳದ ಮರಗಳಿಗೆಲ್ಲ ಕೆಂಪು ಚುಕ್ಕೆ ಇಟ್ಟಿದ್ದರು. ನಾನು ಕಾಗದ ಬರೆದಿರಲಿಲ್ಲ. ಮನೆಯಲ್ಲಿ ಉಳಿದಿದ್ದ ಒಂದು ಖಾಲಿ ನಮೂನೆಯನ್ನು ಹೊಸದಾಗಿ ತುಂಬಿದ್ದೆ. "ಕಂಡದ್ದು" ಖಾನೆಗೆ ಅಡ್ಡಗೆರೆ. "ಗುರುತು" ಖಾನೆಗೆ ಅಡ್ಡಗೆರೆ. "ಕೇಳಿದ್ದು" ಖಾನೆಯಲ್ಲಿ ಹಾರುವ ಅಳಿಲು. ಹೇಳಿದವರ ಹೆಸರು ಎಂಬಲ್ಲಿ ನನ್ನ ಹೆಸರು. ಉದ್ಯೋಗ: ಕ್ಷೇತ್ರ ಸಹಾಯಕ, ನಿವೃತ್ತ.

ಅವರು ಎರಡು ಸಲ ಓದಿದರು. ಮಾಳಪ್ಪನ ಮನೆಯಲ್ಲಿ ನಡೆದದ್ದನ್ನು ಕಂಬಳಿ ಸಮೇತ ಹೇಳಿದೆ. ಸರೋಜಾ ಚಹಾ ತಂದಿಟ್ಟು ಒಳಗೆ ಹೋದಳು.

"ಸರ್, ಇದರ ಮ್ಯಾಲ ನಂದು ಎರಡು ವರ್ಷ ಇತ್ತಲ್ರಿ."

"ಅದಕ್ಕೇ ತಂಗಿ."

ಸುಜಾತಾ ನಕ್ಷೆಯನ್ನು ಮಡಿಚಿದರು, ಮತ್ತೆ ಬಿಚ್ಚಿದರು. ಬೆರಳಿನಿಂದ ಒಂದು ಚುಕ್ಕೆ ಒತ್ತಿದರು. "ಕ್ಯಾಮೆರಾ ಎಲ್ಲಾ ಅಲ್ಲೇ ಕಟ್ಟಬೇಕಂತಿದ್ದೆ. ಈಗ ಒಂದೇ ಕಟ್ತೇನಿ. ಮಾಳಪ್ಪ ಅವರು ಏನೋ ಹೋಯ್ತು ಅಂದಾರಲ್ರಿ, ಅದೇನು ಅಂತ ನೋಡ್ತೇನಿ. ಗೈಡ್‌ಗೆ ವಿಷಯ ಬದಲಿ ಅಂತ ಹೇಳಬೇಕು." ಆಮೇಲೆ ನಮೂನೆಯ ಕೆಳತುದಿ ತೋರಿಸಿದರು. "ಈ ಖಾನಿ ಖಾಲಿ ಬಿಟ್ಟೀರಿ. 'ನಂಬಬಹುದೇ?'"

"ಅದನ್ನ ಹೇಳಿದಾಂವ ತುಂಬಬಾರ್ದು. ಕೇಳಿದವರು ತುಂಬಬೇಕು."

ಅವರು ನನ್ನ ಮುಖ ನೋಡಿದರು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಪೆನ್ನು ತೆರೆದರು.

"ಹಂಗಾದ್ರ ಕುಂದರ್ರಿ ಸರ್. ಅವತ್ತ ಸಂಜಿಗಿ ನೀವು ಎಲ್ಲಿ ನಿಂತಿದ್ರಿ?"

ಕಣ್ಣು ಮುಚ್ಚಿದೆ. ಹುಣಸೆ ಬಂತು, ಬೇವು ಬಂತು, ಪಶ್ಚಿಮದ ಕಾಡಿನ ಆ ಎತ್ತರದ ಕಾಂಡ ಬಂತು. ನಾನು ಎಲ್ಲೂ ಇರಲಿಲ್ಲ.

"ನೆನಪಿಲ್ಲ" ಎಂದೆ.

ನೆನಪು ಮಾಡ್ಕೋರಿ ಎನ್ನುತ್ತಾರೆ ಎಂದು ಕಾದೆ. ಅವರು ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡು, ಎರಡನೆಯ ಪ್ರಶ್ನೆ ಕೇಳಿದರು.